ನೂರೈವತ್ತು ಚುಕ್ಕಿಗಳ ಪ್ರಮೀಳಾ

ಬಾಬುರಾಯನಕೊಪ್ಪಲು
9 ಜೂನ್ 2024

ಬೀರಯ್ಯ,

ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಈ ಕಾಗದವನ್ನು ಒಲೆಗೆ ಹಾಕಬೇಕೆನಿಸಿದರೆ, ಓದಿಯಾದ ಮೇಲೆ ಹಾಕು. ಫೋನು ಮಾಡೋಣವೆಂದಿದ್ದೆ. ಹೋದ ತಿಂಗಳು ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಶಿವಣ್ಣ ಸಿಕ್ಕಿದ್ದ. ನಮ್ಮ ಸ್ಟುಡಿಯೋ ಕೆಳಗೆ ಟೀ ಅಂಗಡಿ ಇಟ್ಟಿದ್ದನಲ್ಲ, ಅವನೇ. "ಬೀರಯ್ಯಂಗೆ ಎರಡು ಕಿವೀನೂ ಓಗ್ಬುಟ್ಟವೆ ಕಣಣ್ಣ. ಪಕ್ಕದಲ್ಲಿ ಲಾರಿ ಬಂದ್ರೂ ತಿರುಗಿ ನೋಡಾಕಿಲ್ಲ. ಬಿಂಡಿಗನವಿಲೇಲಿ ನಾಕು ಕುರಿ ಮಡಿಕಂಡು ಒಬ್ಬನೇ ಅವ್ನೆ" ಅಂದ. ಅದಕ್ಕೇ ಈ ಕಾಗದ.

ನಾನೊಂದು ಎಡವಟ್ಟು ಮಾಡಿಕೊಂಡಿದ್ದೇನೆ. ಬೇರೆ ಯಾರಿಗೆ ಹೇಳಿದರೂ ನಗುತ್ತಾರೆ. ನೀನೂ ನಗು, ಆದರೆ ಪೂರ್ತಿ ಓದು.

ಪಾಂಡವಪುರದ ನಮ್ಮ ಬೆಳಕು ಸ್ಟುಡಿಯೋ ಮುಚ್ಚಿದಾಗ ಸ್ಯಾಂಪಲ್ ಆಲ್ಬಮ್ಮುಗಳು ನನ್ನ ಪಾಲಿಗೆ ಬಂದವು, ನೆಗೆಟಿವ್ ಡಬ್ಬಗಳು ನಿನ್ನ ಪಾಲಿಗೆ. ಆಲ್ಬಮ್ಮುಗಳಲ್ಲಿದ್ದ ಆರುನೂರ ನಲವತ್ತು ಫೋಟೊಗಳನ್ನು ಒಂದೂವರೆ ವರ್ಷ ಕೂತು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದೆ. ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿ ಹಾಕಿದರೆ ಕೆ.ಆರ್. ಪೇಟೆಯಲ್ಲೋ ನಾಗಮಂಗಲದಲ್ಲೋ ಕೂತವರು ತಮ್ಮ ಅಜ್ಜ ಅಜ್ಜಿಯನ್ನು ನೋಡಿಕೊಳ್ಳಲಿ ಎಂಬ ಆಸೆ. ಪ್ರಮೀಳಾ ಹೋದ ಮೇಲೆ ನನಗೆ ಹೊತ್ತು ಹೋಗುವುದೂ ಕಷ್ಟವಾಗಿತ್ತು. ಜೆರಾಕ್ಸ್ ಅಂಗಡಿಯ ಲೋಕೇಶ್ ನನ್ನ ಹಳೇ ಕಂಪ್ಯೂಟರಿಗೆ ಸ್ವತಂತ್ರ ತಂತ್ರಾಂಶಗಳನ್ನು ಹಾಕಿಕೊಟ್ಟ. ಅವನ್ನು ಯಾರು ಬೇಕಾದರೂ ಬಳಸಬಹುದು, ಯಾರ ಅಪ್ಪಣೆಯೂ ಬೇಡ.

ಅಂಥ ಪುಟದಲ್ಲಿ ಮೊದಲು ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ಕಾಣಬೇಕು. ಥಂಬ್‌ನೇಲ್ ಅನ್ನುತ್ತಾರೆ. ನಾವು ಗಿರಾಕಿಗೆ ತೋರಿಸಲು ಒಂದೇ ಹಾಳೆಯಲ್ಲಿ ಹನ್ನೆರಡು ಚಿಕ್ಕ ಚಿತ್ರ ಹಾಕಿ ಕಾಂಟ್ಯಾಕ್ಟ್ ಅನ್ನುತ್ತಿದ್ದೆವಲ್ಲ, ಅದೇ. ಪುಟ್ಟದರ ಮೇಲೆ ಒತ್ತಿದರೆ ದೊಡ್ಡದು ತೆರೆದುಕೊಳ್ಳುತ್ತದೆ. ಜಿಂಪ್ ಎಂಬ ತಂತ್ರಾಂಶದಲ್ಲಿ ಒಂದೊಂದನ್ನೇ ಚಿಕ್ಕದು ಮಾಡುತ್ತಾ ಕೂತೆ. ಮೂವತ್ತು ಮಾಡುವಷ್ಟರಲ್ಲಿ ಬೇಸರ ಬಂತು. ನನ್ನ ತಾಳ್ಮೆ ನಿನಗೆ ಗೊತ್ತೇ ಇದೆ. ಆಮೇಲೆ ಎಲ್ಲೋ ಒಂದೇ ಸಾಲಿನ ಆಜ್ಞೆಯೊಂದು ಸಿಕ್ಕಿತು. ಫೋಲ್ಡರಿನಲ್ಲಿರುವ ಎಲ್ಲವನ್ನೂ ಒಂದೇ ಏಟಿಗೆ ನೂರೈವತ್ತು ಚುಕ್ಕಿ ಅಗಲ, ನೂರೈವತ್ತು ಚುಕ್ಕಿ ಎತ್ತರದ ಚೌಕ ಮಾಡುತ್ತದಂತೆ. ಅದನ್ನು ಬರೆದು ಎಂಟರ್ ಒತ್ತಿ ಕಾಫಿ ಮಾಡಲು ಎದ್ದೆ. ಹಾಲು ಉಕ್ಕುವ ಮೊದಲೇ ಮುಗಿದಿತ್ತು.

ಆ ಆಜ್ಞೆ ಬೇರೆ ಪ್ರತಿ ಮಾಡುವುದಿಲ್ಲವಂತೆ. ದೊಡ್ಡದನ್ನು ಅಳಿಸಿ ಅದೇ ಜಾಗದಲ್ಲಿ ಚಿಕ್ಕದನ್ನು ಬರೆಯುತ್ತದೆ. ಹಾಗೆಂದು ಅದರ ವಿವರಣೆಯಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಲೋಕೇಶ್ ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. "ಅಲ್ಲಾ ಸಾರ್, ಒಂದು ಕಾಪಿ ಮಡಿಕೊಳ್ದೆ ಒತ್ಬುಟ್ರಾ? ಇನ್ನೇನ್ ಮಾಡಾಕಾಯ್ತದೆ?" ಅಂದ.

ಆಲ್ಬಮ್ಮಿನಿಂದ ಮತ್ತೆ ಸ್ಕ್ಯಾನ್ ಮಾಡು ಅನ್ನುತ್ತೀಯ. ಆಲ್ಬಮ್ಮು ಇಲ್ಲ. ಮಳೆನೀರು ಇಳಿದು ಎಲ್ಲಕ್ಕೂ ಬೂಷ್ಟು ಹತ್ತಿತ್ತು. ಸ್ಕ್ಯಾನ್ ಮಾಡಿ ಬೂಷ್ಟಿನ ಕಲೆ ಒರೆಸಿಯಾದ ಮೇಲೆ ಆ ಕಾಗದಗಳನ್ನು ಇಟ್ಟುಕೊಂಡು ಏನು ಮಾಡುವುದು? ಮುಖ ಇರುವುದನ್ನು ಕಸಕ್ಕೆ ಹಾಕಬಾರದು, ಬೆಂಕಿಗೂ ಹಾಕಬಾರದು, ನೀರಿಗೆ ಬಿಡಬೇಕು ಎಂದು ನಮ್ಮವ್ವ ಹೇಳುತ್ತಿದ್ದಳು. ಅರ್ಧಕ್ಕೂ ಹೆಚ್ಚು ಜನ ಸತ್ತವರೇ. ಚೀಲಕ್ಕೆ ತುಂಬಿಕೊಂಡು ಸಂಗಮಕ್ಕೆ ಹೋಗಿ, ಕೈಮುಗಿದು, ಬಿಟ್ಟು ಬಂದೆ. ಅದಾಗಿ ಒಂಬತ್ತನೇ ದಿನಕ್ಕೆ ಆ ಎಂಟರ್ ಒತ್ತಿದೆ.

ಅದರಲ್ಲಿ ತೊಣ್ಣೂರು ಕೆರೆಯ ಏರಿ ಮೇಲೆ ನೀನು ತೆಗೆದ ಪ್ರಮೀಳನ ಫೋಟೊ ಇತ್ತು. ಸುತ್ತಿ ಬಳಸಿ ಬರೆದದ್ದು ಸಾಕು, ನನಗೆ ಬೇಕಾದದ್ದು ಅದು. ನಮ್ಮ ಮದುವೆಯ ರೋಲಿನೊಳಕ್ಕೆ ನೀನು ಬೆಳಕು ಬೀಳಿಸಿ, ಒಂದೂ ಚಿತ್ರ ಉಳಿಯದೆ, ಮೂರು ದಿನ ತಲೆಮರೆಸಿಕೊಂಡಿದ್ದೆ, ನೆನಪಿರಬೇಕು. ಗೋಡೆ ಮೇಲಿರುವುದು ಆಧಾರ್ ಕಾರ್ಡಿನದು, ದೊಡ್ಡದು ಮಾಡಿಸಿ ಹಾರ ಹಾಕಿದ್ದೇನೆ. ಅದರಲ್ಲಿ ಅವಳು ಯಾರಿಗೋ ಹೆದರಿದ ಹಾಗಿದ್ದಾಳೆ. ಪಾಂಡವಪುರಕ್ಕೆಲ್ಲ ಫೋಟೊ ಮಾಡಿಕೊಟ್ಟವನ ಹೆಂಡತಿಗೆ ಇದ್ದದ್ದು ಅದೊಂದೇ ಒಳ್ಳೆಯ ಫೋಟೊ.

ನೆಗೆಟಿವ್ ಇದೆಯೇ? ಒಂದು ಕಾರ್ಡಿನಲ್ಲಿ ಹೌದು, ಇಲ್ಲ ಎಂದು ಬರೆದರೆ ಸಾಕು.

ರವೀಂದ್ರ


ಬಾಬುರಾಯನಕೊಪ್ಪಲು
7 ಜುಲೈ 2024

ಬೀರಯ್ಯ,

ಉತ್ತರ ಬರಲಿಲ್ಲ. ಕಾಗದ ತಲುಪಿದೆಯೆಂದು ಗೊತ್ತು, ಲೋಕೇಶನ ಕೈಲಿ ಶಿವಣ್ಣನಿಗೆ ಫೋನು ಮಾಡಿಸಿದೆ. "ಓದ್ತಾ ಕುಂತಿದ್ದ, ಆಮ್ಯಾಕೆ ಮಡಿಚಿ ಕಂಬಳಿ ಒಳಗೆ ಮಡಗಿದ" ಅಂದನಂತೆ. ಒಲೆಗೆ ಹಾಕಿಲ್ಲವಲ್ಲ, ಅಷ್ಟರಮಟ್ಟಿಗೆ ಉಪಕಾರ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಆ ಆಜ್ಞೆಯ ವಿವರಣೆಯನ್ನು ಮೊದಲಿಂದ ಕೊನೆವರೆಗೂ ಓದಿದ್ದೇನೆ. ಮೊದಲು ಇನ್ನೊಂದು ಫೋಲ್ಡರು ಮಾಡಬೇಕು, ಚಿಕ್ಕವೆಲ್ಲ ಅಲ್ಲಿಗೆ ಹೋಗಲಿ ಎಂದು ಹೇಳಬೇಕು, ಮೂಲವನ್ನು ಮುಟ್ಟಬಾರದು. ಬೋರ್ಡು ಬರೆದು ಕಂಪ್ಯೂಟರಿನ ಮೇಲೆ ಅಂಟಿಸಿದ್ದೇನೆ. ಬಳಸಲು ಮೂಲವೇ ಇಲ್ಲ.

ಪ್ರಮೀಳನ ಆ ಪುಟ್ಟ ಚಿತ್ರ ಉಳಿದಿದೆ. ದಿನವೂ ತೆಗೆದು ದೊಡ್ಡದು ಮಾಡಿ ನೋಡುತ್ತೇನೆ. ಇಡೀ ಚಿತ್ರದ ಅಗಲಕ್ಕೆ ನೂರೈವತ್ತು ಚುಕ್ಕಿ, ಅದರಲ್ಲಿ ಅವಳ ಮುಖಕ್ಕೆ ಬಂದದ್ದು ಹನ್ನೊಂದು. ಎಣಿಸಿದ್ದೇನೆ. ಕಣ್ಣಿಗೊಂದೊಂದು ಚುಕ್ಕಿ. ಬಾಯಿಗೆ ಎರಡು, ಅದರಲ್ಲಿ ಒಂದು ಕೊಂಚ ಬೆಳ್ಳಗಿದೆ. ನಗುತ್ತಿದ್ದಳು ಎಂದು ನನಗೆ ಗೊತ್ತಿರುವುದರಿಂದ ಅದು ನಗು ಅನ್ನಿಸುತ್ತದೆ. ಗೊತ್ತಿಲ್ಲದವರಿಗೆ ಅದು ಬರೀ ಚೌಕ.

ಈ ಮನೆಯಲ್ಲಿ ಮಾತಿಲ್ಲ ಬೀರಯ್ಯ. ಬೆಳಗ್ಗೆ ಹಾಲಿನವಳಿಗೆ ಒಂದು ಮಾತು, ಸಂಜೆ ಲೋಕೇಶನಿಗೆ ಒಂದು. ಮಕ್ಕಳಿದ್ದಿದ್ದರೆ ಬೈಯಲಾದರೂ ಯಾರಾದರೂ ಇರುತ್ತಿದ್ದರು. ಉತ್ತರ ಬರೆ. ಬೈದಾದರೂ ಬರೆ.

ರವೀಂದ್ರ


ಬಿಂಡಿಗನವಿಲೆ
21 ಜುಲೈ 2024

ರವೀಂದ್ರ,

ನೆಗೆಟಿವ್ ಇವೆ. ಕೊಡುವುದಿಲ್ಲ.

ನಿನ್ನ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ? ಡಿಜಿಟಲ್ ಬಂತು ಎಂದು ನನ್ನನ್ನು ಒಂದು ಮಾತು ಕೇಳದೆ, ನಾವು ನೆಗೆಟಿವಿನಿಂದ ಪ್ರಿಂಟು ಹಾಕುತ್ತಿದ್ದ ಎನ್‌ಲಾರ್ಜರನ್ನು ಗುಜರಿಯವನಿಗೆ ಹಾಕಿದೆ. ನಾನು ಊರಿಂದ ಬಂದು ನೋಡಿದರೆ ಮೇಜಿನ ಮೇಲೆ ನಾಲ್ಕು ಸ್ಕ್ರೂ ತೂತು ಮಾತ್ರ ಇತ್ತು. ಈಗ ಆಲ್ಬಮ್ಮನ್ನು ಹೊಳೆಗೆ ಹಾಕಿದೆ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಹಾಳು ಮಾಡಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಅಂದಿಲ್ಲ.

ಎನ್‌ಲಾರ್ಜರು ಹೋಗಲಿ, ಅದು ಕಬ್ಬಿಣ. ಪ್ರಮೀಳಕ್ಕ ಹೋದ ಸುದ್ದಿ ನನಗೆ ತಿಳಿದದ್ದು ತಿಥಿ ಮುಗಿದ ಮೇಲೆ, ಶಿವಣ್ಣನ ಬಾಯಲ್ಲಿ. ಇಪ್ಪತ್ತು ವರ್ಷ ಆಕೆ ತಂದ ಬುತ್ತಿ ತಿಂದವನು ನಾನು. ಕುರುಬರ ಹುಡುಗ ಎಂದು ಒಂದು ದಿನವೂ ಬೇರೆ ತಟ್ಟೆ ಇಡಲಿಲ್ಲ. ಆಕೆಯ ಮೇಲೆ ಒಂದು ಹಿಡಿ ಮಣ್ಣು ಹಾಕಲು ನನಗೆ ಬಿಡಲಿಲ್ಲ ನೀನು. ಆಗ ನನ್ನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಬೀರಯ್ಯ


ಬಾಬುರಾಯನಕೊಪ್ಪಲು
4 ಆಗಸ್ಟ್ 2024

ಬೀರಯ್ಯ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಆವತ್ತು ನಿನಗೆ ಹೇಳಿಕಳಿಸಬೇಕೆಂದು ನನಗೆ ತೋಚಲಿಲ್ಲವೆಂದು ಬರೆಯಬಹುದಿತ್ತು. ತೋಚಿತ್ತು. ಫೋನು ಕೈಯಲ್ಲಿತ್ತು, ನಿನ್ನ ನಂಬರೂ ಇತ್ತು. ನೀನು ಬಂದು ಅವಳ ಕಾಲ ಹತ್ತಿರ ಕೂತು ಅತ್ತರೆ ನಾನು ನಿನ್ನೆದುರು ಅಳಬೇಕಾಗುತ್ತದಲ್ಲ ಎಂದು ಮಾಡಲಿಲ್ಲ. ಎನ್‌ಲಾರ್ಜರು ಮಾರಿದವನು ನಾನು, ಸಿಟ್ಟು ಮಾಡಿಕೊಂಡವನೂ ನಾನೇ. ಅವಳು ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಕೇಳಿದಳು, "ಬೀರಯ್ಯಂಗೆ ಯೋಳುದ್ರಾ?" ಎಂದು. ಹೇಳಿದ್ದೇನೆ, ಬರ್ತಾನೆ ಅಂದೆ. ಎರಡು ಸಲವೂ ಸುಳ್ಳು ಹೇಳಿದೆ. ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಕ್ಷಮಿಸು ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಎಲ್ಲ ನೆಗೆಟಿವ್ ನನಗೆ ಬೇಡ. ತೊಣ್ಣೂರಿನದೊಂದು ಸಾಕು, ಅದೂ ನಿನ್ನ ಹತ್ತಿರವೇ ಇರಲಿ. ನಾನು ಅಲ್ಲಿಗೆ ಬಂದು, ನಿನ್ನ ಕಣ್ಣೆದುರಿಗೆ ಒಂದು ಪ್ರತಿ ಮಾಡಿಕೊಂಡು ಬರುತ್ತೇನೆ. ಬೇಡ ಅಂದರೆ ಬಾಗಿಲಲ್ಲೇ ನಿಲ್ಲುತ್ತೇನೆ.

ರವೀಂದ್ರ


ಬಿಂಡಿಗನವಿಲೆ
15 ಸೆಪ್ಟೆಂಬರ್ 2024

ರವೀಂದ್ರ,

ಬರಬೇಡ. ತೊಣ್ಣೂರಿನ ರೋಲು ಹೋಗಿದೆ.

ಟ್ರಂಕಿನೊಳಗೆ ಕಂಬಳಿ ಸುತ್ತಿ ಇಟ್ಟಿದ್ದೆ. ಆ ಒಂದು ಡಬ್ಬದ ಮುಚ್ಚಳ ತುಕ್ಕು ಹಿಡಿದು ತೇವ ಇಳಿದಿದೆ. ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳವಾಗಿವೆ. ನೀರಿನಲ್ಲಿ ನೆನೆಸಿ ಬಿಡಿಸಲು ಒಂದು ವಾರ ನೋಡಿದೆ. ಚಿತ್ರವೇ ಕಿತ್ತು ಬಂತು. ಕೆರೆ ಒಂದಿಷ್ಟು ಉಳಿಯಿತು, ಆಕೆ ಉಳಿಯಲಿಲ್ಲ.

ನಿನ್ನನ್ನು ಬೈದ ಬಾಯಲ್ಲೇ ಇದನ್ನು ಹೇಳಬೇಕಾಯಿತು. ಜೋಪಾನ ಮಾಡುವವನು ಎಂದು ನನಗೂ ಜಂಭವಿತ್ತು.

ಬೀರಯ್ಯ


ಬಾಬುರಾಯನಕೊಪ್ಪಲು
20 ಅಕ್ಟೋಬರ್ 2024

ಬೀರಯ್ಯ,

ನೀನೇನೂ ಮಾಡಿಲ್ಲ ಬಿಡು. ಮಿಂಚಿ ಹೋದ ಕಾರ್ಯ. ಅವಳಿಗೂ ಫೋಟೊಕ್ಕೂ ಆಗಿಬರಲಿಲ್ಲ ಎಂದುಕೊಂಡೆ.

ಪುಟವನ್ನು ಹಾಗೆಯೇ ಹಾಕಿಬಿಟ್ಟೆ. ಆರುನೂರ ನಲವತ್ತು ಪುಟ್ಟ ಚಿತ್ರಗಳ ಸಾಲು. ನೋಡಲು ಚೆನ್ನಾಗಿಯೇ ಇದೆ. ಒತ್ತಿದರೆ ಮಾತ್ರ ಅದೇ ಪುಟ್ಟದು ಮತ್ತೆ ತೆರೆದುಕೊಳ್ಳುತ್ತದೆ. ಹೋದ ವಾರ ಸಿಂಧಘಟ್ಟದಿಂದ ಕುಳ್ಳಯ್ಯ ಎಂಬುವವನು ಹುಡುಕಿಕೊಂಡು ಮನೆಗೆ ಬಂದ. ಅವನ ಅವ್ವನ ಫೋಟೊ ನಾವು ತೆಗೆದದ್ದಂತೆ. ಮೊಬೈಲು ತೋರಿಸಿ, "ಬೆರಳಲ್ಲಿ ಅಗಲ ಮಾಡುದ್ರೆ ಅವ್ವ ಕಾಣಾಕಿಲ್ಲ ಸೋಮಿ, ಬರೀ ಚೌಕ ಚೌಕ ಕಾಣ್ತವೆ. ಒಸಿ ದೊಡ್ಡದು ಮಾಡ್ಕೊಡಿ" ಅಂದ. ಇಲ್ಲ ಕಣಪ್ಪ, ಅಷ್ಟೇ ಇರೋದು ಅಂದೆ. ಜಗುಲಿ ಮೇಲೆ ಕೂತು ಒಂದು ಲೋಟ ನೀರು ಕುಡಿದು ಹೋದ. ಅವನು ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಕುಳ್ಳಯ್ಯನ ಅವ್ವನ ನೆಗೆಟಿವ್ ನಿನ್ನ ಹತ್ತಿರ ಇದ್ದರೆ ಅವನಿಗೆ ತಲುಪಿಸು. 1996ನೇ ಇಸವಿಯ ದಸರಾ ಆಸುಪಾಸು. ಪ್ರಮೀಳನದನ್ನು ಇನ್ನು ಹುಡುಕಬೇಡ. ಬರುವ ಕಾರ್ತಿಕಕ್ಕೆ ಅವಳು ಹೋಗಿ ಐದು ವರ್ಷ. ಅವಳ ದನಿ ಹೇಗಿತ್ತೆಂದು ಈಗೀಗ ಮರೆಯುತ್ತಿದ್ದೇನೆ. ನಿನಗೆ ಕೊನೆಗೆ ಕೇಳಿಸಿದ ದನಿಗಳು ನೆನಪಿವೆಯೇ? ಇದಕ್ಕೆ ಉತ್ತರ ಬರೆಯದಿದ್ದರೂ ನಡೆಯುತ್ತದೆ.

ರವೀಂದ್ರ


ಬಿಂಡಿಗನವಿಲೆ
12 ಜನವರಿ 2025

ರವೀಂದ್ರ,

ಕುಳ್ಳಯ್ಯನ ಅವ್ವ ಸಿಕ್ಕಿದಳು. ಹುಡುಕುವಾಗ ಮಕ್ಕಳ ಡಬ್ಬಗಳನ್ನೂ ತೆಗೆದೆ. ಅದಕ್ಕೇ ತಡವಾಯಿತು.

ನಮ್ಮ ಸ್ಟುಡಿಯೋದಲ್ಲಿ ಮಕ್ಕಳ ಫೋಟೊ ತೆಗೆಯುವಾಗ ಏನು ನಡೆಯುತ್ತಿತ್ತು ಎಂಬುದು ನಿನಗೆ ಸರಿಯಾಗಿ ಗೊತ್ತಿಲ್ಲ. ನೀನು ಯಾವಾಗಲೂ ಡಾರ್ಕ್‌ರೂಮಿನ ಪರದೆಯೊಳಗೆ. ಪ್ರಮೀಳಕ್ಕ ಬುತ್ತಿ ತಂದವರು ಸುಮ್ಮನೆ ಕೂರುತ್ತಿರಲಿಲ್ಲ. ಮಗು ಕ್ಯಾಮೆರಾ ನೋಡದೆ ಅತ್ತರೆ ಗಿಲಕಿ ಹಿಡಿದು ಎಡಗಡೆ ನಿಂತು ಆಡಿಸುತ್ತಿದ್ದರು. ಎಷ್ಟೋ ಸಲ ಚಿತ್ರದೊಳಕ್ಕೇ ಬಂದುಬಿಡುತ್ತಿದ್ದರು. "ಪಕ್ಕಕ್ಕೆ ಸರಕೊಳ್ಳಲಾ ಬೀರಯ್ಯ?" ಎಂದು ಕೇಳಿದರೆ ನಾನು, "ಫ್ರೇಮಿಗೆ ಬಂದ್ರೂ ಬುಡಿ ಅಕ್ಕ, ಎಂಗಿದ್ರೂ ಒಳಗೆ ರವೀಂದ್ರ ಕತ್ತರಿಸ್ತಾನೆ" ಅನ್ನುತ್ತಿದ್ದೆ. ಆಕೆ ನಗುತ್ತಿದ್ದರು. ಹೋದ ಕಾಗದದಲ್ಲಿ ಕೇಳಿದ್ದೆಯಲ್ಲ, ನನಗೆ ನೆನಪಿರುವ ದನಿ ಅದು.

ನಮ್ಮ ಕ್ಯಾಮೆರಾದ ನೆಗೆಟಿವ್ ಚೌಕ. ನೀನು ಪ್ರಿಂಟು ಹಾಕುತ್ತಿದ್ದದ್ದು ಉದ್ದನೆಯ ಕಾಗದಕ್ಕೆ. ಎಡಗಡೆ ಬಲಗಡೆ ಎರಡೂ ಹೊರಗೆ ಹೋಗುತ್ತಿತ್ತು. ಗಿರಾಕಿಗೆ ಬೇಕಾದದ್ದು ಮಗು, ನೀನು ಮಗುವನ್ನು ಕೊಟ್ಟೆ. ನೆಗೆಟಿವಿನಲ್ಲಿ ಮಾತ್ರ ಯಾರೂ ಏನನ್ನೂ ಕತ್ತರಿಸಿಲ್ಲ. ಬಲ್ಬಿನ ಮುಂದೆ ಹಿಡಿದು ಒಂದೊಂದೇ ನೋಡುತ್ತಾ ಬಂದೆ. ನಮ್ಮಕ್ಕ ಬೀರಮ್ಮ ಬಂದವಳು, "ಈ ವಯಸ್ನಲ್ಲಿ ಕಿವಿ ಓಯ್ತು, ಕಣ್ಣೂ ಕಳ್ಕಂತೀಯೇನ್ಲಾ?" ಎಂದು ಸನ್ನೆ ಮಾಡಿ ಬೈದಳು. ಇದುವರೆಗೆ ಇನ್ನೂರ ಹನ್ನೆರಡು ಚಿತ್ರದಲ್ಲಿ ಪ್ರಮೀಳಕ್ಕ ಸಿಕ್ಕಿದ್ದಾರೆ. ಕೆಲವದರಲ್ಲಿ ಬರೀ ಕೈ ಮತ್ತು ಗಿಲಕಿ, ಕೆಲವದರಲ್ಲಿ ಅರ್ಧ ಮುಖ, ಐವತ್ತಕ್ಕೂ ಹೆಚ್ಚರಲ್ಲಿ ಪೂರ್ತಿ. ಇನ್ನೂ ಮೂರು ಡಬ್ಬ ಉಳಿದಿವೆ.

ಇದರೊಳಗೆ ಎರಡು ಪಟ್ಟಿ ಇಟ್ಟಿದ್ದೇನೆ, ಪಟ್ಟಿಗೆ ಮೂರು ಚಿತ್ರ. ಮೊದಲು ಪ್ರತಿ ಮಾಡು, ಆ ಪ್ರತಿಗೆ ಇನ್ನೊಂದು ಪ್ರತಿ ಮಾಡು, ಆಮೇಲೆ ನಿನ್ನ ಎಂಟರ್ ಒತ್ತು. ಆರನೆಯದನ್ನು ಕೊನೆಗೆ ನೋಡು. ಅದರಲ್ಲಿ ಮಗು ಸರಿಯಾಗಿ ಕೂತಿರಲಿಲ್ಲ, ಗೊತ್ತಿದ್ದೂ ತೆಗೆದೆ. ಪ್ರಿಂಟು ಬೇಡವೆಂದು ಮೂಲೆಗೆ ಗೀರು ಹಾಕಿ ಒಳಗೆ ಕೊಟ್ಟಿದ್ದೆ. ನೀನು ನೋಡದೆ ಪಕ್ಕಕ್ಕಿಟ್ಟಿರಬೇಕು.

ಬೀರಯ್ಯ


ಬಾಬುರಾಯನಕೊಪ್ಪಲು
19 ಜನವರಿ 2025

ಬೀರಯ್ಯ,

ಲೋಕೇಶನ ದೊಡ್ಡ ಮೊಬೈಲಿನಲ್ಲಿ ಬಿಳೀ ಪರದೆ ಹತ್ತಿಸಿ, ಅದರ ಮೇಲೆ ನಿನ್ನ ಪಟ್ಟಿ ಇಟ್ಟು, ಕ್ಯಾಮೆರಾದಲ್ಲಿ ತೆಗೆದೆ. ಜಿಂಪಿನಲ್ಲಿ ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡುವ ಒಂದು ಗುಂಡಿಯಿದೆ. ಪ್ರತಿ ಮಾಡಿದೆ, ಪ್ರತಿಗೆ ಪ್ರತಿ ಮಾಡಿದೆ, ಲೋಕೇಶನ ಹತ್ತಿರ ಇನ್ನೊಂದು ಇಟ್ಟೆ. ಆಮೇಲೆ ಆ ಗುಂಡಿ ಒತ್ತಿದೆ.

ಮೊದಲನೆಯದರಲ್ಲಿ ಅವಳ ಕೈ, ಎರಡು ಹಸಿರು ಬಳೆ. ಕಪ್ಪು ಬಿಳುಪಿನ ಚಿತ್ರದಲ್ಲಿ ಹಸಿರು ಹೇಗೆ ಕಂಡಿತು ಎಂದು ಕೇಳಬೇಡ. ಮೂರನೆಯದರಲ್ಲಿ ಬಾಯಿ ತೆರೆದು ಮಗುವನ್ನು ಕೂಗುತ್ತಿದ್ದಾಳೆ. ಐದನೆಯದರಲ್ಲಿ ಮಗುವಿಗಿಂತ ಹೆಚ್ಚಾಗಿ ಅವಳೇ ನಗುತ್ತಿದ್ದಾಳೆ. ಇವನ್ನೆಲ್ಲ ಎನ್‌ಲಾರ್ಜರಿಗೆ ಹಾಕಿ ಕೆಳಗಿನ ಕಾಗದಕ್ಕೆ ಬೆಳಕು ಬಿಟ್ಟವನು ನಾನು. ಅವಳ ಮುಖ ಕಾಗದದ ಆಚೆ ಮೇಜಿನ ಹಲಗೆಯ ಮೇಲೆ ಬಿದ್ದಿರುತ್ತಿತ್ತು. ನನಗೆ ಕಂಡೇ ಇರಬೇಕು. ದಿನವೂ ಮನೆಯಲ್ಲಿ ಕಾಣುವ ಮುಖವಲ್ಲವೇ ಎಂದು ಕಾಗದದ ಅಂಚಿನ ಅಳತೆಯ ಪಟ್ಟಿ ಸರಿಸಿಕೊಂಡು ಕೂತಿದ್ದೆ. ಊರಿನವರ ಮಕ್ಕಳನ್ನೆಲ್ಲ ಅವಳು ನಗಿಸಿದಳು, ನಾನು ಅವಳನ್ನು ಕತ್ತರಿಸಿ ಆ ನಗುವನ್ನು ಮಾರಿದೆ.

ಆರನೆಯದನ್ನು ನೀನು ಹೇಳಿದ ಹಾಗೆ ಕೊನೆಗೆ ನೋಡಿದೆ. ಮಗು ಒಂದು ಕಡೆಗೆ ಜಾರಿದೆ. ಗಿಲಕಿ ಅವಳ ಕೈಯಲ್ಲಿ ಕೆಳಗಿಳಿದಿದೆ. ಅವಳು ಮಗುವನ್ನು ನೋಡುತ್ತಿಲ್ಲ, ನಿನ್ನನ್ನೂ ನೋಡುತ್ತಿಲ್ಲ. ಎಡಕ್ಕೆ ತಿರುಗಿ ಡಾರ್ಕ್‌ರೂಮಿನ ಕಪ್ಪು ಪರದೆಯನ್ನು ನೋಡುತ್ತಾ ನಿಂತಿದ್ದಾಳೆ. ಪಕ್ಕದ ಸ್ಟೂಲಿನ ಮೇಲೆ ಬುತ್ತಿ ಹಾಗೇ ಇದೆ, ಬಿಚ್ಚಿಲ್ಲ. ನಾನು ಒಳಗಿದ್ದೆ.

ಆರಕ್ಕೂ ಥಂಬ್‌ನೇಲ್ ಮಾಡಿದೆ, ಬೇರೆ ಫೋಲ್ಡರಿನಲ್ಲಿ. ಚೌಕದ ಚಿತ್ರಕ್ಕೆ ಚೌಕ ಕೇಳಿದರೆ ತಂತ್ರಾಂಶ ಏನನ್ನೂ ಕತ್ತರಿಸುವುದಿಲ್ಲ. ನೂರೈವತ್ತು ಚುಕ್ಕಿಯೊಳಗೆ ಮಗುವೂ ಇದೆ, ಅವಳೂ ಇದ್ದಾಳೆ, ಒತ್ತಿದರೆ ದೊಡ್ಡದಾಗಿ ಕಾಣುತ್ತಾಳೆ.

ಉಳಿದ ಮೂರು ಡಬ್ಬ ಇಬ್ಬರೂ ಕೂತು ನೋಡೋಣ. ಗುರುವಾರ ನಾಗಮಂಗಲಕ್ಕೆ ಬಂದು ಅಲ್ಲಿಂದ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಬುತ್ತಿ ನಾನೇ ತರುತ್ತೇನೆ. ಬಾಗಿಲು ಬಡಿದರೆ ನಿನಗೆ ಕೇಳಿಸುವುದಿಲ್ಲ. ತೆಗೆದೇ ಇಟ್ಟಿರು.

ರವೀಂದ್ರ